ಬಿ ಅಂದರೆ ಬೀಜವಲ್ಲ

ಸದಲಗಾ
೧೪ ನವೆಂಬರ್ ೧೯೮೮

ಭೀಮು,

ಪತ್ರದ ತಲೆಗೆ ಕ್ಷೇಮ ಎಂದು ಬರೆಯುವುದು ವಾಡಿಕೆ. ಇಲ್ಲಿ ಕ್ಷೇಮ ಇಲ್ಲ, ಬರೆಯುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅಕ್ಕನ ಅಕ್ಷರ ಇದು, ಮುಂಬೈ ಡಾಕ್ಟರಾದ ತಮ್ಮ ಕಷ್ಟಪಟ್ಟು ಓದಿಕೊಳ್ಳಬೇಕು.

ಜನಾಳ ಕೂಸಿನ ವಿಷಯ. ಕಾಗವಾಡಕ್ಕೆ ಹೋಗಿ ಮಗಳ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದೆ. ಬಂದಾಗಿನಿಂದ ಅನ್ನ ಸೇರುತ್ತಿಲ್ಲ. ಬಾಳುಗೆ ಇನ್ನೂ ಎರಡು ವರ್ಷ ತುಂಬಿಲ್ಲ, ಎರಡೂ ಕಿವಿ ಸೋರುತ್ತವೆ. ಬರೀ ನೀರಲ್ಲ, ಹಳದಿ ಕೀವು. ದಿಂಬು ನಾರುತ್ತದೆ, ಕುಲಾಯಿ ನಾರುತ್ತದೆ, ಎತ್ತಿಕೊಂಡ ನನ್ನ ಸೆರಗು ನಾರುತ್ತದೆ. ಮೂಗಿನಿಂದ ಹಸಿರು ಸಿಂಬಳ ಇಳಿದು ಬಾಯಿಗೆ ಬರುತ್ತದೆ. ಎದೆಯಲ್ಲಿ ಕಫ ಗೊರಗೊರ ಎನ್ನುತ್ತದೆ. ಮಿರಜದ ದವಾಖಾನೆಯಲ್ಲಿ ಎರಡು ಸಲ ಇಟ್ಟು ತಂದಿದ್ದಾರೆ. ಹೋದಾಗ ಕೆಂಪು ಔಷಧ, ಬರುವಾಗ ಗುಲಾಬಿ ಔಷಧ. ಬಣ್ಣ ಬದಲಾಗುತ್ತದೆ, ಕೀವು ಬದಲಾಗುವುದಿಲ್ಲ.

ಆರು ತಿಂಗಳವರೆಗೆ ಇದೇ ಕೂಸು ಬೆಣ್ಣೆ ಮುದ್ದೆಯಂತೆ ಇತ್ತು. ನೀನೂ ನೋಡಿದ್ದೀಯಾ.

ಬೀಗತಿ ಕಮಲಾಬಾಯಿ ನನ್ನ ಮುಂದೆಯೇ ಹೇಳಿದಳು, "ನಿಮ್ಮ ಮಗಳ ಹಾಲಾಗ ಏನೋ ಐತ್ರಿ. ನಮ್ಮ ಮನ್ಯಾಗ ಇಂಥಾ ಕೂಸು ಎಂದೂ ಹುಟ್ಟಿಲ್ಲ."

"ನಿಮ್ಮ ಮನ್ಯಾಗ ಕೂಸಿನ ದಿಂಬು ತೊಳಿಯೂದೂ ಎಂದೂ ಇಲ್ಲೇನ್ರಿ?" ಎಂದೆ. ಅಲ್ಲಿಂದ ಅವಳು ನನಗೆ ಚಹಾ ಕೊಡಲಿಲ್ಲ, ನಾನು ಕೇಳಲಿಲ್ಲ.

ಒಂದೇ ಒಂದು ಒಳ್ಳೆಯ ಸುದ್ದಿ. ಹೊಸ ಡಾಕ್ಟರು ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿ, ಈ ಕೂಸಿಗೆ ಟಾನ್ಸಿಲ್ ಇಲ್ಲವೇ ಇಲ್ಲ ಎಂದನಂತೆ. ನಮ್ಮ ಓಣಿಯ ಮಕ್ಕಳು ಅದನ್ನು ಕೊಯ್ಯಿಸಿಕೊಳ್ಳಲು ಕೊಲ್ಲಾಪುರಕ್ಕೆ ಹೋಗುತ್ತಾರೆ. ನಮ್ಮದಕ್ಕೆ ಆ ಕಾಟ ತಪ್ಪಿತು.

ಏನಾದರೂ ಗೊತ್ತಿದ್ದರೆ ಬರೆ. ಗೊತ್ತಿಲ್ಲದಿದ್ದರೆ ಸಮಾಧಾನದ ಮಾತು ಬರೆಯಬೇಡ, ನನಗೆ ವಾಕರಿಕೆ ಬರುತ್ತದೆ.

ತಾರಾಬಾಯಿ


ಮುಂಬೈ
೨೧ ನವೆಂಬರ್ ೧೯೮೮

ಅಕ್ಕಾ,

ಉಳಿದದ್ದೆಲ್ಲ ಬಿಡು. ಟಾನ್ಸಿಲ್ ಇಲ್ಲ ಎಂದು ಡಾಕ್ಟರು ಹೇಳಿದ್ದು ಖರೆಯೇ? ಖರೆ ಇದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ. ಅಳಿಯ ಬಾಬಾಸಾಹೇಬನಿಗೆ ಹೇಳು, ಕೂಸನ್ನು ಕರೆದುಕೊಂಡು ಈ ವಾರವೇ ನನ್ನಲ್ಲಿಗೆ ಬರಲಿ. ರಕ್ತ ಪರೀಕ್ಷೆ ಮಾಡಿಸಬೇಕು.

ನಿನಗೆ ಒಂದು ಮಾತು ಕೇಳಬೇಕೆಂದಿದ್ದೆ. ಹಳೆಯ ಮಾತು. ಪತ್ರದಲ್ಲಿ ಬೇಡ.

ಭೀಮಗೊಂಡ


ಮುಂಬೈ
೯ ಜನವರಿ ೧೯೮೯

ಅಕ್ಕಾ,

ಬಾಬಾಸಾಹೇಬ ಕೂಸನ್ನು ತಂದಿದ್ದ. ಪರೀಕ್ಷೆಯ ಫಲ ಬಂದಿದೆ. ನಿಧಾನವಾಗಿ ಓದು.

ರಕ್ತದಲ್ಲಿ ಬಿ ಜೀವಕೋಶ ಎಂಬ ಒಂದು ಜಾತಿಯ ಬಿಳಿ ಕೋಶಗಳಿವೆ. ಅವು ಹುಟ್ಟುವುದು ಎಲುಬಿನ ಒಳಗಿನ ಮಜ್ಜೆಯಲ್ಲಿ. ಅಲ್ಲಿ ಹಂತಹಂತವಾಗಿ ಬೆಳೆಯುತ್ತವೆ. ನಮ್ಮ ಮೈಯನ್ನೇ ವೈರಿ ಎಂದು ತಿಳಿಯುವಂಥವು ಬಹುಮಟ್ಟಿಗೆ ಅಲ್ಲಿಯೇ ಅಳಿಯುತ್ತವೆ, ಉಳಿದವು ಹೊರಬೀಳುತ್ತವೆ. ಒಂದೊಂದಕ್ಕೂ ಒಂದೊಂದೇ ರೋಗಾಣುವಿನ ಗುರುತು ಗೊತ್ತು. ಟಾನ್ಸಿಲ್ಲಿನಲ್ಲಿ, ಕಂಕುಳದ ಗಂಟುಗಳಲ್ಲಿ ಅವು ಬೀಡು ಬಿಟ್ಟಿರುತ್ತವೆ. ತಾನು ಬಲ್ಲ ರೋಗಾಣು ಎದುರಾದರೆ ಆ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಮರಿ ಹಾಕುತ್ತದೆ. ಗಟ್ಟಿಯಾಗಿ ಹಿಡಿಯುವ ಮರಿ ಉಳಿಯುತ್ತದೆ, ಸಡಿಲ ಹಿಡಿಯುವುದು ಸಾಯುತ್ತದೆ. ಹೀಗೆ ಉಳಿದವುಗಳಲ್ಲಿ ಕೆಲವು ಮತ್ತೆ ಎಲುಬಿಗೆ ಹೋಗಿ ಕೂತು, ಆ ರೋಗವನ್ನು ತಡೆಯುವ ರಸವನ್ನು ವರ್ಷಗಟ್ಟಲೆ ಸುರಿಸುತ್ತವೆ. ಇನ್ನು ಕೆಲವು ಆ ರೋಗಾಣುವಿನ ನೆನಪು ಇಟ್ಟುಕೊಂಡು ಕಾಯುತ್ತವೆ.

ನಿನ್ನನ್ನೇ ನೋಡು. ಏಳು ವರ್ಷದವಳಿದ್ದಾಗ ನಿನಗೆ ದೇವಿ ಬಂತು. ಮುಖದ ಕಲೆ ಹೋಗಲಿಲ್ಲ. ಆಮೇಲೆ ಊರಿಗೇ ದೇವಿ ಬಂದಾಗ ನೀನು ಮನೆಮನೆಗೆ ಹೋಗಿ ಕೀವು ಒರೆಸಿದೆ, ನಿನಗೆ ಮತ್ತೆ ಬರಲಿಲ್ಲ. ಆ ಬಿ ಜೀವಕೋಶಗಳು ಇಂದಿಗೂ ನಿನ್ನೊಳಗಿವೆ. ದೇವಿರೋಗ, ನಮ್ಮ ಪುಸ್ತಕದ ಸಿಡುಬು, ಜಗತ್ತಿನಿಂದಲೇ ಹೋಗಿದೆ. ಅವು ಮಾತ್ರ ಇನ್ನೂ ಕಾಯುತ್ತಿವೆ.

ಬಾಳುವಿನ ಬಿ ಜೀವಕೋಶ ಬೆಳೆದಿಲ್ಲ. ಅರ್ಧ ಹಂತಕ್ಕೆ ನಿಂತಿವೆ. ಮೊದಲ ಆರು ತಿಂಗಳು ಅವನನ್ನು ಕಾಯ್ದದ್ದು ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ರಸ. ಅದು ತೀರಿತು, ಇವನಲ್ಲಿ ಹೊಸದು ಹುಟ್ಟಲಿಲ್ಲ. ಟಾನ್ಸಿಲ್ ಇಲ್ಲದ್ದೂ ಇದೇ ಕಾರಣಕ್ಕೆ. ಮುಂದೆಯೂ ಹುಟ್ಟುವುದಿಲ್ಲ. ಆದರೆ ತಿಂಗಳಿಗೊಮ್ಮೆ ಒಂದು ಔಷಧದ ನೀರನ್ನು ಸಲಾಯಿನ್ ಹಚ್ಚಿದಂತೆ ಕೈಗೆ ಹಚ್ಚಿದರೆ ಅವನು ಬದುಕುತ್ತಾನೆ. ಜೀವ ಇರುವವರೆಗೂ ಹಚ್ಚಬೇಕು. ಬಿಟ್ಟರೆ ಉಳಿಯುವುದಿಲ್ಲ.

ಭೀಮಗೊಂಡ


ಸದಲಗಾ
೧೭ ಜನವರಿ ೧೯೮೯

ಭೀಮು,

ನಾಚಿಕೆ ಎನ್ನುವುದು ನಿನಗೆ ಮುಂಬೈಯಲ್ಲಿ ಸಿಗುವುದಿಲ್ಲವೇ? ಮೊದಲೇ ನಿನ್ನ ಅಕ್ಷರ, ಇರುವೆ ಶಾಯಿಯಲ್ಲಿ ಬಿದ್ದು ಎದ್ದು ನಡೆದಂತೆ. ಮೂರು ಸಲ ಓದಿದೆ. ಬಾಳುವಿನ ಬೀಜಕೋಶ ಬೆಳೆದಿಲ್ಲ ಎಂದು ಹೆತ್ತ ಅವ್ವನಂಥ ಅಕ್ಕನಿಗೆ ಬರೆದಿದ್ದೀಯಾ. ಬೀಜ ಎಲುಬಿನಲ್ಲಿ ಹುಟ್ಟುತ್ತದಂತೆ, ಕಂಕುಳದಲ್ಲಿ ಬೀಡು ಬಿಡುತ್ತದಂತೆ, ಮರಿ ಹಾಕುತ್ತದಂತೆ! ಸಾಲದ್ದಕ್ಕೆ ಆ ಬೀಜಕೋಶ ನನ್ನೊಳಗೂ ಇದೆ ಎಂದು ಬರೆದೆಯಲ್ಲ, ನಾನೇನು ಗಂಡಸೇ?

ಪತ್ರ ಓದಿದ ದಿನವೇ ಕಾಗವಾಡಕ್ಕೆ ಹೋದೆ. ಮೊದಲು ಕೂಸಿನ ಚಡ್ಡಿ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಎರಡೂ ಇರುವಲ್ಲಿ ಇವೆ. ಸಣ್ಣವಿವೆ, ಹುಣಸೆಬೀಜದಂತೆ. ಆ ವಯಸ್ಸಿಗೆ ಎಷ್ಟಿರಬೇಕೋ ಅಷ್ಟಿವೆ.

ಕಮಲಾಬಾಯಿ ಬಂದಳು. "ಏನ್ ನೋಡಾಕತ್ತೀರಿ ಬೀಗತಿ?"

"ನಿಮ್ಮ ಮನಿ ಬೀ ನೋಡಾಕತ್ತೇನ್ರಿ. ಹುಳಕ ಬೀ ಬಿತ್ತಿ, ಹೊಲಾ ಚಲೋ ಇಲ್ಲಂತ ನನ್ನ ಮಗಳ ಹೆಸರ್ಲೆ ಊರತುಂಬ ಹೇಳಾಕತ್ತೀರಲ್ಲ!"

ಅಳಿಯ ನಡುವೆ ಬಂದ. "ಅತ್ತ್ಯಾರ, ಡಾಕ್ಟರ್ ಮಾಮಾ ಹೇಳಿದ್ದು ಬ್ಯಾರೇ ಐತ್ರಿ..."

"ನೀ ಬಾಯಿ ಮುಚ್ಚು. ಬರದದ್ದು ನನ್ನ ಕಡೆ ಐತಿ" ಎಂದೆ.

ಕಮಲಾಬಾಯಿ ಒಳಗೆ ಹೋದಳು. ಜನಾಳ ಪೆಟ್ಟಿಗೆ ತಂದು ಕಟ್ಟೆಯ ಮೇಲೆ ಇಟ್ಟಳು. "ಹಂಗಾದ್ರ ನಿಮ್ಮ ಹೊಲ ನೀವೇ ಒಯ್ರಿ" ಎಂದಳು.

ಒಯ್ದೆ. ಜನಾ, ಕೂಸು ಈಗ ಸದಲಗದಲ್ಲಿದ್ದಾರೆ. ಬಸ್ಸಿನಲ್ಲಿ ಮಗಳು ನನ್ನನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತಳು. ಕೂಸು ಮಾತ್ರ ನನ್ನ ತೊಡೆಯ ಮೇಲೆ ಕೆಮ್ಮಿ ಕೆಮ್ಮಿ ವಾಂತಿ ಮಾಡಿತು.

ತಾರಾಬಾಯಿ


ಮುಂಬೈ
೨೪ ಜನವರಿ ೧೯೮೯

ಅಕ್ಕಾ,

ಏನು ಮಾಡಿಟ್ಟೆ! ಬಿ. ಆಮೇಲೆ ಜಾಗ. ಆಮೇಲೆ ಜೀವಕೋಶ. ಬಿ ಅಂದರೆ ಬೀಜವಲ್ಲ. ಇಂಗ್ಲಿಷಿನಲ್ಲಿ ಎ, ಬಿ, ಸಿ ಎನ್ನುತ್ತಾರಲ್ಲ, ಆ ಬಿ. ನೀನು ಚಡ್ಡಿ ಬಿಚ್ಚಿ ನೋಡಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಆ ಹೆಸರು ಎಲ್ಲಿಂದ ಬಂತು ಎಂದರೆ, ಹಕ್ಕಿಗಳಿಗೆ ಬರ್ಸಾ ಎಂಬ ಸಣ್ಣ ಚೀಲ ಇರುತ್ತದೆ. ಕೋಳಿಗೆ ಅದು ಹಿಂಭಾಗದಲ್ಲಿ, ಮಲದ್ವಾರದ ಹತ್ತಿರ. ಪರದೇಶದಲ್ಲಿ ಆ ಚೀಲವನ್ನು ತೆಗೆದು ನೋಡಿದಾಗ ಕೋಳಿಗಳಿಗೆ ರೋಗ ತಡೆಯುವ ರಸವೇ ಹುಟ್ಟಲಿಲ್ಲ. ಬರ್ಸಾದ ಬಿ. ಮನುಷ್ಯರಿಗೆ ಆ ಚೀಲ ಇಲ್ಲ, ನಮ್ಮಲ್ಲಿ ಆ ಕೆಲಸ ಎಲುಬಿನದು. ಈಗಲಾದರೂ ತಿಳಿಯಿತೇ?

ಬೀಗರ ಕ್ಷಮೆ ಕೇಳು. ಇದು ಅವರ ಕಡೆಯಿಂದ ಬಂದದ್ದಲ್ಲ.

ಮೊದಲ ಬಾಟಲಿಯನ್ನು ಬರ್ಫದ ಥರ್ಮಾಸಿನಲ್ಲಿಟ್ಟು ನಿಪ್ಪಾಣಿ ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸುತ್ತಿದ್ದೇನೆ. ಯಾರನ್ನಾದರೂ ಸ್ಟ್ಯಾಂಡಿಗೆ ಕಳಿಸು. ಚಿಕ್ಕೋಡಿಯ ಡಾಕ್ಟರಿಗೆ ನಾನು ಫೋನ್ ಮಾಡಿ ಹೇಳಿದ್ದೇನೆ, ಅವರೇ ಹಚ್ಚುತ್ತಾರೆ.

ಭೀಮಗೊಂಡ


ಸದಲಗಾ
೨ ಫೆಬ್ರುವರಿ ೧೯೮೯

ಭೀಮು,

ಥೂ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರು ಎತ್ತಿದರೆ ಬಾಯಿ ತೊಳೆಯಿರಿ ಎನ್ನುತ್ತೇನೆ. ನೀನು ಕೋಳಿಯ ತಿಕದ ಚೀಲವನ್ನು ಇನ್‌ಲ್ಯಾಂಡ್ ಪತ್ರದಲ್ಲಿ ಮಡಿಚಿ ಮನೆಗೆ ಕಳಿಸಿದ್ದೀಯಾ. ನಾನು ಅದನ್ನು ದೇವರ ಕೋಣೆಯ ಗೂಡಿನಲ್ಲಿ ಇಟ್ಟಿದ್ದೆ. ತೆಗೆದು ಎಮ್ಮೆಯ ಕೊಟ್ಟಿಗೆಯಲ್ಲಿ ಸಿಕ್ಕಿಸಿದ್ದೇನೆ. ಜಗತ್ತಿನಲ್ಲಿ ಬೇರೆ ಹೆಸರು ಸಿಗಲಿಲ್ಲವೇ ಆ ಪರದೇಶದವರಿಗೆ?

ಕ್ಷಮೆ ಕೇಳುವುದಿಲ್ಲ. ಹಾಲಿನ ಮಾತು ಮೊದಲು ಆಡಿದವರು ಅವರು.

ಅವರ ಕಡೆಯದಲ್ಲ ಎಂದರೆ ಯಾರ ಕಡೆಯದು? ಆ ಸಾಲಿನ ಕೆಳಗೆ ಏನೋ ಬರೆದು ಗೀಚಿ ಹೊಡೆದಿದ್ದೀಯಾ. ಬಿಸಿಲಿಗೆ ಹಿಡಿದರೂ ಕಾಣಲಿಲ್ಲ.

ನಮ್ಮ ಎಮ್ಮೆ ಕಾಯುವ ಸಿದರಾಯ ಕೆಲಸ ಬಿಟ್ಟು ನಿಪ್ಪಾಣಿಗೆ ಹೋಗಿ ಥರ್ಮಾಸು ತಂದ. ನಾನೇ ಚಿಕ್ಕೋಡಿಗೆ ಒಯ್ದೆ, ನನ್ನ ತೊಡೆಯ ಮೇಲೆಯೇ ಕೂಸಿಗೆ ಹಚ್ಚಿದರು. ಬಣ್ಣ ಇಲ್ಲ, ವಾಸನೆ ಇಲ್ಲ. ಯಾವ ಗಿಡದ ನೀರು ಅದು?

ತಾರಾಬಾಯಿ


ಸದಲಗಾ
೧೧ ಆಗಸ್ಟ್ ೧೯೮೯

ಭೀಮು,

ಬೈಯಲು ಏನೂ ಸಿಗದೆ ಇಷ್ಟು ದಿನ ಬರೆಯಲಿಲ್ಲ.

ಕಿವಿ ಒಣಗಿವೆ. ದಿಂಬು ಮೂಸಿ ನೋಡಿದೆ, ಬರೀ ಎಣ್ಣೆಯ ವಾಸನೆ. ಬಾಳು ಕಟ್ಟೆಯಿಂದ ಜಿಗಿಯುತ್ತಾನೆ, ಬೆಣ್ಣೆ ಗಡಿಗೆಗೆ ಕೈ ಹಾಕುತ್ತಾನೆ, ಸಿದರಾಯನ ಹೆಗಲೇರಿ ಎಮ್ಮೆಗೆ ಹೇಳುವ ಮಾತನ್ನೆಲ್ಲ ಕಲಿತಿದ್ದಾನೆ. ನಿನ್ನೆ ನನಗೇ "ಹೊಯ್ ಹೊಯ್, ಸರೀ ಬೇ" ಎಂದ.

ಅಳಿಯ ಎಂಟು ದಿನಕ್ಕೊಮ್ಮೆ ಬರುತ್ತಾನೆ. ತಾಯಿಯ ಅಂಜಿಕೆಗೆ ಒಳಗೆ ಕಾಲಿಡುವುದಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತು ಮಗನನ್ನು ಆಡಿಸಿ ಹೋಗುತ್ತಾನೆ. ಅವನಿಗೆ ನೀರು ಕೊಡಲು ಹೋದ ಜನಾ ಒಂದು ತಾಸು ಹೊಳ್ಳಿ ಬರುವುದಿಲ್ಲ. ಇವರಿಬ್ಬರ ಮುಖ ನೋಡಿ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ತಿಳಿಯುವುದಿಲ್ಲ.

ಯಾವ ಗಿಡ ಎಂದು ಕೇಳಿದ್ದೆ. ನೀನು ಬರೆಯಲಿಲ್ಲ. ಚಿಕ್ಕೋಡಿಯ ಕಂಪೌಂಡರನನ್ನು ಕೇಳಿದರೆ ನಗುತ್ತಾನೆ.

ತಾರಾಬಾಯಿ


ಮುಂಬೈ
೨೦ ಆಗಸ್ಟ್ ೧೯೮೯

ಅಕ್ಕಾ,

ನಿನ್ನ ಪತ್ರ ಓದಿ ಎಷ್ಟೋ ದಿನದ ಮೇಲೆ ಚೆನ್ನಾಗಿ ಊಟ ಮಾಡಿದೆ. ಗಿಡದ ಮಾತು ಬಿಡು. ಬಹಳ ಶುದ್ಧ ಮಾಡಿದ ನೀರು ಅದು. ತಿಂಗಳು ತಪ್ಪಿಸಬೇಡ, ಅಷ್ಟೇ.

ಭೀಮಗೊಂಡ


ಮುಂಬೈ
೨೮ ಅಕ್ಟೋಬರ್ ೧೯೮೯

ಅಕ್ಕಾ,

ಡ್ರೈವರು ಥರ್ಮಾಸನ್ನು ತುಂಬಿದ್ದು ತುಂಬಿದಂತೆ ವಾಪಸ್ ತಂದ. ಹೋದ ತಿಂಗಳೂ ಹೀಗೇ ಆಯಿತಂತೆ, ಅಂಜಿ ನನಗೆ ಹೇಳಿರಲಿಲ್ಲ. ನಿಪ್ಪಾಣಿ ಸ್ಟ್ಯಾಂಡಿಗೆ ಯಾರೂ ಬರಲಿಲ್ಲವಂತೆ. ಸಿದರಾಯನಿಗೆ ಆರಾಮ ಇಲ್ಲವೇ? ಬಾಳು ಹೇಗಿದ್ದಾನೆ? ಕೂಡಲೇ ಬರೆ.

ಭೀಮಗೊಂಡ


ಸದಲಗಾ
೪ ನವೆಂಬರ್ ೧೯೮೯

ಭೀಮು,

ಸಿದರಾಯ ಆರಾಮ ಇದ್ದಾನೆ. ನಾನೇ ಬೇಡ ಎಂದೆ.

ಆ ಕಂಪೌಂಡರ ಕೊನೆಗೂ ಬಾಯಿ ಬಿಟ್ಟ. "ಆಯೀ, ಗಿಡದ್ದೂ ಅಲ್ಲ, ಗುಳಿಗೀದೂ ಅಲ್ರಿ. ಮಂದಿ ರಕ್ತ. ಸಾವಿರ ಮಂದೀದು ಕೂಡಿಸಿ, ಕೆಂಪು ತಗದು, ಉಳದ ನೀರಾಗಿಂದು ಮಾಡ್ತಾರ."

ಚಿಕ್ಕೋಡಿ ಸ್ಟ್ಯಾಂಡಿನಲ್ಲಿ, ಮಂದಿಯ ಎದುರು, ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಮನೆಗೆ ಬಂದು ತಲೆಯ ಮೇಲೆ ನೀರು ಸುರಿದುಕೊಂಡೆ. ಇನ್ನೂ ಮೈಗೆ ಏನೋ ಅಂಟಿದಂತೆ ಇದೆ.

ಯಾರ ರಕ್ತ ಅದು? ಕುಡುಕನದೋ? ಮೀನು ತಿನ್ನುವವನದೋ? ತಂಬಾಕು ಜಗಿದು ಬಸ್ಸಿನ ಕಿಟಕಿಯಿಂದ ಉಗುಳುವವನದೋ? ನಾನು ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯನ್ನು ಮತ್ತೆ ಬಾವಿಗೇ ಜಾಲಾಡಿಸಿ, ಕಣ್ಣಿಗೆ ಕಾಣದ ಹುಳದ ಜೀವವನ್ನೂ ಉಳಿಸುವವಳು. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವಳಲ್ಲ. ಅಂಥವಳ ತೊಡೆಯ ಮೇಲೆ ಕೂಸನ್ನು ಮಲಗಿಸಿ, ಸಾವಿರ ಮಂದಿಯ ಎಂಜಲನ್ನು ನರದೊಳಗೆ ಬಿಡಿಸಿದೆ. ಶುದ್ಧ ಮಾಡಿದ ನೀರು ಎಂದು ಬರೆದೆ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು. ಹೇಸಿಗೆ ಆಗುತ್ತದೆ ನಿನ್ನ ಹೆಸರು ಬರೆಯಲು.

ಥರ್ಮಾಸು ನಮ್ಮ ಮನೆಗೆ ಬೇಡ. ಕೂಸು ಚೆನ್ನಾಗಿದೆ. ಹವಾ ಬದಲಾಗಿದೆ, ಸ್ವಲ್ಪ ಕೆಮ್ಮು ಇದೆ ಅಷ್ಟೇ.

ತಾರಾಬಾಯಿ


ಮುಂಬೈ
೯ ನವೆಂಬರ್ ೧೯೮೯

ಅಕ್ಕಾ,

ನೀನು ಸ್ವಲ್ಪ ಕೆಮ್ಮು ಎಂದು ಬರೆಯುವುದು ನನಗೆ ಗೊತ್ತು. ನಿನ್ನ ಅಪ್ಪೂಗೂ ಸ್ವಲ್ಪ ಕೆಮ್ಮೇ ಇತ್ತು.

ಈಗ ಕೇಳಿಬಿಡುತ್ತೇನೆ. ನಿನ್ನ ಚೊಚ್ಚಲ ಮಗ ಒಂದು ವರ್ಷ ತುಂಬುವ ಮೊದಲೇ ಹೋದನಲ್ಲ, ಅವನ ಕಿವಿಗಳೂ ಸೋರುತ್ತಿದ್ದವು. ನಾನು ಆಗ ಹದಿನಾಲ್ಕರ ಹುಡುಗ, ಹತ್ತಿಯ ಬತ್ತಿ ಮಾಡಿ ನಿನ್ನ ಕೈಗೆ ಕೊಡುತ್ತಿದ್ದೆ. ಆ ವಾಸನೆ ನನಗೆ ಇನ್ನೂ ಗೊತ್ತು. ನಾನು ಹುಟ್ಟುವ ಮೊದಲು ನಮ್ಮ ಅವ್ವನ ಎರಡು ಗಂಡು ಕೂಸುಗಳೂ ಹೀಗೇ ಹೋದವಂತೆ. ಅವ್ವ ಹೇಳುತ್ತಿದ್ದಳು.

ಇದು ತಾಯಿಯಿಂದ ಬರುತ್ತದೆ. ಹೆಣ್ಣುಮಕ್ಕಳು ಹೊತ್ತು ತಿರುಗುತ್ತಾರೆ, ಅವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಅವರ ಗಂಡುಮಕ್ಕಳಲ್ಲಿ ಕೆಲವರಿಗೆ ತಗಲುತ್ತದೆ, ಕೆಲವರಿಗೆ ಇಲ್ಲ. ಅವ್ವನಿಂದ ನಿನಗೆ, ನಿನ್ನಿಂದ ಜನಾಳಿಗೆ, ಜನಾಳಿಂದ ಬಾಳುಗೆ. ಗೀಚಿ ಹೊಡೆದ ಸಾಲು ಇದೇ. ಯಾರ ತಪ್ಪೂ ಅಲ್ಲ. ನನಗೆ ತಗಲಲಿಲ್ಲ, ಅದು ನನ್ನ ಪುಣ್ಯವೂ ಅಲ್ಲ.

ಬಾಳುವಿನಲ್ಲಿ ಆ ಕೋಶ ಇಲ್ಲ. ಬೇರೆಯವರ ಕೋಶಗಳು ಮಾಡಿದ ರಸವನ್ನೇ ಕೊಡಬೇಕು. ಅದು ಮನುಷ್ಯರ ರಕ್ತದಲ್ಲಿ ಮಾತ್ರ ಸಿಗುತ್ತದೆ. ಗಿಡದಲ್ಲಿ ಸಿಗುವಂತಿದ್ದರೆ ಈ ವಯಸ್ಸಿನಲ್ಲೂ ಗಿಡ ಹತ್ತಿ ತರುತ್ತಿದ್ದೆ. ಅದೂ ಮೈಯಲ್ಲಿ ನಿಲ್ಲುವುದಿಲ್ಲ, ಕರಗುತ್ತದೆ. ಕೊನೆಯ ಬಾಟಲಿಯದು ಈಗ ಹೆಚ್ಚುಕಡಿಮೆ ಕರಗಿ ಹೋಗಿರುತ್ತದೆ.

ನಿನಗೆ ಹೇಸಿಗೆ ಆಗುತ್ತದೆ ಎಂದೇ ಸುಳ್ಳು ಹೇಳಿದ್ದೆ. ಮತ್ತೆ ಹೇಳುವ ಪ್ರಸಂಗ ಬಂದರೆ ಮತ್ತೆ ಹೇಳುತ್ತೇನೆ.

ಭೀಮಗೊಂಡ


ಸದಲಗಾ
೧೬ ನವೆಂಬರ್ ೧೯೮೯

(ಕಾರ್ಡು)

ಬಾಟಲಿ ಬೇಕು. ಬಸ್ಸಿನಲ್ಲಿ ಬೇಡ, ನೀನೇ ತಗೊಂಡು ಬಾ. ಕೂಸು ಮಿರಜದಲ್ಲಿದೆ. ಜನಾ ಅಲ್ಲಿದ್ದಾಳೆ. ಅಳಿಯನೂ ಇದ್ದಾನೆ. ನಾನು ಅರಿವೆ ಒಯ್ಯಲು ಬಂದಿದ್ದೇನೆ, ಈಗ ಹೊರಟೆ.

ತಾರಾ


ಸದಲಗಾ
೧೦ ಡಿಸೆಂಬರ್ ೧೯೮೯

ಭೀಮು,

ನೀನು ಬಂದೆ, ಬಾಟಲಿ ಹಚ್ಚಿದೆ, ಕೂಸಿನ ತಲೆಗೆ ಕೈ ಇಟ್ಟು ಎಷ್ಟೋ ರಾತ್ರಿ ಕೂತೆ, ಹೋದೆ. ನನ್ನ ಬಾಯಿ ಬೈಗುಳಕ್ಕೆ ತಯಾರಾದದ್ದು, ಬೇರೆ ಮಾತು ಬರುವುದಿಲ್ಲ. ಬರೆಯುತ್ತೇನೆ.

ನಿನ್ನ ಪತ್ರ ಬಂದ ದಿನ ನಮ್ಮ ದೊಡ್ಡ ಎಮ್ಮೆ ಈಯಿತು. ಈದು ನೆಲಕ್ಕೆ ಬಿದ್ದದ್ದು ಮತ್ತೆ ಏಳಲಿಲ್ಲ. ಕರು ನಡುಗುತ್ತ ನಿಂತಿತ್ತು. ಗಿಣ್ಣದ ಹಾಲು ಹೊಟ್ಟೆಗೆ ಬೀಳದಿದ್ದರೆ ಕರು ಹಿಡಿದು ನಿಲ್ಲುವುದಿಲ್ಲ, ನಾಲ್ಕು ದಿನದಲ್ಲಿ ಉಚ್ಚಿಕೊಂಡು ಸಾಯುತ್ತದೆ. ಇದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಸಿದರಾಯನ ಮನೆಯ ಎಮ್ಮೆ ಮುಂಜಾನೆ ಈದಿತ್ತು. "ಓಡು, ನಿಮ್ಮ ಎಮ್ಮೀ ಗಿಣ್ಣದ ಹಾಲ ತಗೊಂಡ ಬಾ" ಎಂದೆ. ತಂದ. ಅವರ ಮನೆಯಲ್ಲಿ ಆಡು ಕೊಯ್ಯುತ್ತಾರೆ, ಅವರ ಮನೆಯ ನೀರು ನಾನು ಮುಟ್ಟುವುದಿಲ್ಲ, ನಿನಗೆ ಗೊತ್ತು. ಕರುವಿನ ಬಾಯಿ ಎತ್ತಿ ಹಿಡಿದು ನನ್ನ ಕೈಯಿಂದ ಕುಡಿಸಿದೆ. ತಲೆ ಎತ್ತಿದರೆ ಜನಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲೆ ಬಾಳು, ಪಕ್ಕೆಲುಬು ಒಳಗೆ ಹೋಗುವಂತೆ ಉಸಿರು ಎಳೆಯುತ್ತಿದ್ದ. ಕೈಯಲ್ಲಿ ನಿನ್ನ ಪತ್ರ.

"ಎವ್ವಾ, ನನಗ ಒಬ್ಬ ಅಣ್ಣ ಇದ್ದ ಅಂತ ನನಗ ಇವತ್ತ ಗೊತ್ತಾತು" ಎಂದಳು.

ನಾನು ಕರುವಿನ ಬಾಯಿ ಒರೆಸಿದೆ.

"ಮಂದಿ ಮನಿ ಎಮ್ಮೀ ಗಿಣ್ಣ ನಿನ್ನ ಕರಕ್ಕ ನಡೀತೈತಿ. ಮಂದಿ ರಕ್ತದ ನೀರು ನನ್ನ ಮಗಗ ನಡಿಯಾಂಗಿಲ್ಲ? ಆ ಹಾಲೂ ಸೋಸಿ ಕುಡಿಸಬೇಕಿಲ್ಲೇನ? ಯಾರ ಮನೀದಂತ ಕರಾನ ಕೇಳಬೇಕಿಲ್ಲೇನ? ನಿನಗ ಹೇಸಿಗಿ ಆಗ್ತೈತಂತ ನನ್ನ ಕೂಸು ಸಾಯಬೇಕಾ? ನಿನ್ನ ಅಪ್ಪೂ ಸತ್ತ. ಅವತ್ತ ಔಷಧ ಇರಲಿಲ್ಲ. ಇವತ್ತ ಐತಿ, ನೀ ಹೊಳ್ಳಿ ಕಳಸೀದಿ!"

ಇಷ್ಟು ವರ್ಷದಲ್ಲಿ ಆ ಹುಡುಗಿ ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಹೇಳಿ ನಿಲ್ಲಲಿಲ್ಲ, ಕೂಸನ್ನು ಹೊತ್ತು ಸ್ಟ್ಯಾಂಡಿಗೆ ನಡೆದಳು. ಕೈಗೆ ಹತ್ತಿದ ಗಿಣ್ಣ ತೊಳೆಯದೆ, ಕಾಲಿಗೆ ಮೆಟ್ಟಿಲ್ಲದೆ ನಾನು ಹಿಂದೆ ಓಡಿದೆ. ಮಿರಜದವರೆಗೂ ನನ್ನ ಕೈ ಹಸಿ ಹಾಲಿನ ವಾಸನೆ ಹೊಡೆಯುತ್ತಿತ್ತು. ಮುಂದಿನದು ನಿನಗೆ ಗೊತ್ತೇ ಇದೆ.

ಎಡಗಿವಿ ಇನ್ನು ಕೇಳುವುದಿಲ್ಲ ಎಂದು ನೀನು ಹೇಳಿದೆ. ಯಾರಿಂದ ಹೋಯಿತು ಎಂದು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡುತ್ತಿದ್ದೆ.

ಮೊನ್ನೆ ಕಾಗವಾಡಕ್ಕೆ ಹೋದೆ. ಬಾಗಿಲಲ್ಲಿ ನಿಂತೇ ಹೇಳಿದೆ, "ಬೀಗತಿ, ನಿಮ್ಮ ಬೀ ಚಲೋ ಐತ್ರಿ. ಬಂದದ್ದು ನಮ್ಮ ಹೊಲದಾಗಿಂದ. ನನ್ನಿಂದ." ಆ ಹೆಂಗಸು ನನ್ನನ್ನು ನೋಡಿದಳು, ನೋಡಿದಳು, ಆಮೇಲೆ, "ಬರ್ರಿ ಒಳಗ. ಬಿಸಲಾಗ ನಿಂತು ಹೊಲಾ ಬೀಜಾ ಅನಬ್ಯಾಡ್ರಿ, ಮಂದಿ ಕೇಳ್ತಾರ" ಎಂದಳು. ಚಹಾ ಕೊಟ್ಟಳು. ಸಕ್ಕರೆ ಹೆಚ್ಚಾಗಿತ್ತು, ಕುಡಿದೆ. ಸೋಮವಾರ ಜನಾಳನ್ನು, ಬಾಳುವನ್ನು ಕರೆದೊಯ್ಯುತ್ತಾರೆ.

ಥರ್ಮಾಸು ನಾನೇ ತರುತ್ತೇನೆ. ಹೇಸಿಗೆ ಹೋಗಿಲ್ಲ. ಮುಟ್ಟಿದಾಗಲೆಲ್ಲ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತೇನೆ. ಮುಂದಿನ ತಿಂಗಳು ಮತ್ತೆ ತರುತ್ತೇನೆ.

ತಾರಾಬಾಯಿ


ಸದಲಗಾ
೨ ಫೆಬ್ರುವರಿ ೧೯೯೫

ಭೀಮು,

ಬಾಳುಗೆ ಎಂಟು ತುಂಬುತ್ತದೆ. ಎರಡನೇ ಇಯತ್ತೆಯಲ್ಲಿದ್ದಾನೆ. ಮಾಸ್ತರು ಅವನನ್ನು ಬಲಗಿವಿ ತಮ್ಮ ಕಡೆ ಬರುವಂತೆ ಕೂರಿಸುತ್ತಾರೆ. ಓದಲು ಮನಸ್ಸಿಲ್ಲದಾಗ ಎಡಗಿವಿ ತಿರುಗಿಸುತ್ತಾನಂತೆ. ನಮ್ಮ ವಂಶದ ಬುದ್ಧಿ.

ಈಗ ನನ್ನ ಸಿಟ್ಟಿನ ಕಾರಣ ಕೇಳು. ಚಿಕ್ಕೋಡಿಯಲ್ಲಿ ರಕ್ತ ಕೊಡುವ ಶಿಬಿರ ಎಂದು ಡಂಗುರ ಹೊಡೆದರು. ಅಲ್ಲಿ ಕೊಟ್ಟದ್ದು ಬಾಳುಗೇ ಬರುವುದಿಲ್ಲ, ಯಾರಿಗೋ ಹೋಗುತ್ತದೆ ಎಂದು ನೀನು ಹಿಂದೊಮ್ಮೆ ಬರೆದಿದ್ದೆ. ಹೋಗಲಿ. ನಮಗೂ ಯಾರದೋ ಬರುತ್ತದಲ್ಲ. ಅಳಿಯನನ್ನು ಎಳೆದುಕೊಂಡು ಹೋದೆ, ಜನಾಳನ್ನು ಎಳೆದುಕೊಂಡು ಹೋದೆ, ಕಮಲಾಬಾಯಿ ನೋಡಲು ಬಂದಳು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಾನು ನಿಂತೆ.

ಮೀಸೆ ಸರಿಯಾಗಿ ಮೂಡದ ಒಬ್ಬ ಡಾಕ್ಟರು. "ಆಯೀ, ನಿಮ್ಮ ವಯಸ್ಸೆಷ್ಟರಿ?"

"ವಯಸ್ಸ ತಗೊಂಡ ಏನ್ಮಾಡ್ತಿ? ನನ್ನ ಜೋಡಿ ಲಗ್ನಾ ಮಾಡ್ಕೋತಿಯೇನು?"

"ಅರವತ್ತು ದಾಟಿದವರದು ತಗೊಳ್ಳಾಂಗಿಲ್ರಿ. ಕಾಯ್ದೆ ಐತಿ."

ನನಗೆ ತಡೆಯಲಿಲ್ಲ. "ಲೇ ತಮ್ಮಾ, ಈ ಸಾಲಿನ್ಯಾಗ ನಿಂತ ಹುಡುಗೂರ ರಕ್ತದಾಗ ಏನೈತಿ? ನಿನ್ನಿ ನೆಗಡಿ, ಮೊನ್ನಿ ಕೆಮ್ಮು. ನನ್ನ ಎಲಬಿನ್ಯಾಗ ದೇವಿ ಐತಿ, ಗೊಬ್ಬರ ಅಂದ್ರ ದಡಾರ ಐತಿ, ನಾಯಿಕೆಮ್ಮ ಐತಿ. ಎಲ್ಲಾ ಗೆದ್ದ ಬಿ ಐತಿ ಒಳಗ. ಐವತ್ತು ಅರವತ್ತು ವರ್ಷದ್ದು. ಪೇಟ್ಯಾಗ ಸಿಗೂದಿಲ್ಲ!"

ಹಿಂದೆ ನಿಂತಿದ್ದ ಒಬ್ಬ ಸದಲಗದವನು ಹೇಳಿದ, "ಅವ್ವಾರ, ಬೀ ಬೀಜದ ಅಂಗಡಿ ನಿಪ್ಪಾಣ್ಯಾಗ ಐತ್ರಿ. ಇಲ್ಲಿ ಬರೇ ರಕ್ತ ತಗೋತಾರ."

"ಬಿ ಅಂದ್ರ ಬೀಜ ಅಲ್ಲಲೇ ಹುಚ್ಚಾ!" ಎಂದು ಕೂಗಿದೆ. "ಕೋಳಿ ತಿಕದ ಬಿ!"

ಬಸದಿಗೆ ಬರುವ ನಾಲ್ಕು ಜನ ಅಲ್ಲಿದ್ದರು, ನನ್ನನ್ನು ನೋಡಿ ಆ ಕಡೆ ಮುಖ ಮಾಡಿದರು. ಡಾಕ್ಟರು ಮಾತ್ರ ನಕ್ಕುಬಿಟ್ಟ. "ಖರೇ ಹೇಳಿದ್ರಿ ಆಯೀ. ಆದ್ರೂ ತಗೊಳ್ಳಾಕ ಬರೂದಿಲ್ರಿ" ಎಂದ.

ಆಗ ಕಮಲಾಬಾಯಿ ಸೆರಗು ಸಿಕ್ಕಿಸಿ ಮುಂದೆ ಬಂದಳು. "ನನ್ನದು ಐವತ್ತೆಂಟು. ತಗೋ" ಎಂದು ಹೋಗಿ ಕಾಟಿನ ಮೇಲೆ ಮಲಗಿದಳು. ಸೂಜಿ ಕಂಡು ಕಣ್ಣು ಮುಚ್ಚಿದಳು, ಆದರೆ ಕೈ ಸರಿಸಲಿಲ್ಲ. ನಾನು ಪಕ್ಕದಲ್ಲಿ ನಿಂತು ಅವಳಿಗೆ ಗಾಳಿ ಹಾಕಿದೆ. ನನ್ನ ಪಾಲಿಗೆ ಅಷ್ಟೇ ಬಂತು. ಒಂದು ಕಪ್ಪು ಚಹಾ, ಎರಡು ಬಿಸ್ಕಿಟ್ಟು ಕೊಟ್ಟು ನನ್ನನ್ನು ಹೊರಗೆ ಕಳಿಸಿದರು. ಅದರಲ್ಲಿ ಮೊಟ್ಟೆ ಇದೆಯೋ ಏನೋ, ನಾಯಿಗೆ ಹಾಕಿದೆ.

ನನ್ನಲ್ಲಿ ಕೊರತೆ ಇತ್ತು, ಅದನ್ನು ಯಾರೂ ಕೇಳದೆ ಮಗನಿಗೆ ಕೊಟ್ಟೆ, ಮಗಳ ಕೈಯಲ್ಲಿ ಮೊಮ್ಮಗನಿಗೂ ಕಳಿಸಿದೆ. ಹುಟ್ಟಿದಾಗಿನಿಂದ ಕೂಡಿಸಿಟ್ಟ ಒಳ್ಳೆಯದನ್ನು ಕೊಡಲು ಹೋದರೆ ಕಾಯ್ದೆ ಇದೆಯಂತೆ. ದೇವಿರೋಗದ ದಾರಿ ಕಾಯುತ್ತ ನನ್ನ ಎಲುಬಿನಲ್ಲಿ ಕೂತಿವೆ ಎಂದು ಬರೆದಿದ್ದೆಯಲ್ಲ, ಆ ನಿನ್ನ ಕೋಶಗಳು. ಅವೂ ನನ್ನ ಜೊತೆ ಬಸ್ಸು ಹತ್ತಿ ಸುಮ್ಮನೆ ವಾಪಸ್ ಬಂದವು.

ನಿನ್ನೆ ಕಾಗವಾಡದಲ್ಲಿ ಈ ತಿಂಗಳ ಬಾಟಲಿ ಹಚ್ಚಿದರು. ಬಾಳು ನನ್ನ ತೊಡೆಯ ಮೇಲೆ ತಲೆ ಇಟ್ಟು, ಹನಿ ಬೀಳುವುದನ್ನು ನೋಡುತ್ತಾ ಕೇಳಿದ, "ಆಯೀ, ಇದರಾಗ ನಿಂದೂ ಐತೇನ?"

ಅವನ ಬಲಗಿವಿಗೆ ಬಾಗಿ ಹೇಳಿದೆ, "ಐತಿ. ದೇವೀದು, ಗೊಬ್ಬರದ್ದು, ಎಲ್ಲಾ ನಂದ ಐತಿ. ಅಲಗಾಡಬ್ಯಾಡ."

ಹುಡುಗ ಕೈ ಅಲುಗಿಸದೆ ಮಲಗಿದ. ನಿನ್ನ ಶುದ್ಧ ಮಾಡಿದ ನೀರಿನಂಥದ್ದೇ ಸುಳ್ಳು. ಮತ್ತೆ ಕೇಳಿದರೆ ಮತ್ತೆ ಹೇಳುತ್ತೇನೆ.

ಮುಂದಿನ ತಿಂಗಳ ಥರ್ಮಾಸಿನ ಮುಚ್ಚಳ ಬದಲಾಯಿಸಿ ಕಳಿಸು. ಹಳೆಯದು ಸೋರುತ್ತದೆ.

ತಾರಾಬಾಯಿ